ಓಬವ್ವನಿಗೆ ಪ್ರತಿಮೆ ಇದೆ, ಬೀದರ್-ಕಲಬುರಗಿಯ ಹೆಂಗಸರಿಗೆ ಒಂದು 'ತಪ್ಪಾಯ್ತು' ಕೂಡ ಇಲ್ಲ

ಚಿತ್ರದುರ್ಗ ಜಿಲ್ಲೆಯಲ್ಲಿ ಯಾರ ಮುಂದಾದ್ರೂ 'ಯುದ್ಧ' ಮತ್ತು 'ಹೆಂಗಸು' ಅನ್ನೋ ಎರಡು ಪದ ಒಟ್ಟಿಗೆ ಹೇಳಿ ನೋಡಿ, ಓಬವ್ವ ಅಂತಾರೆ. ಗಂಡ ಊಟಕ್ಕೆ ಕೂತಿದ್ದಾಗ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಹಾಕಿದವಳು. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ, ಊರಲ್ಲಿ ಪ್ರತಿಮೆ ಇದೆ, 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಒನಕೆ ಎತ್ತಿದ್ದನ್ನು ಮೂರು ತಲೆಮಾರು ನೋಡಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಜಯಂತಿ ಆಚರಿಸುತ್ತೆ. ಇದೆಲ್ಲ ಆಗಬೇಕಾದ್ದೇ.

ಆದರೆ ಓಬವ್ವ ಒನಕೆ ಎತ್ತಿದ ಹೆಂಗಸು. ಎತ್ತಲು ಆಗದೆ ಸಿಕ್ಕಿಬಿದ್ದ ಹೆಂಗಸರ ಕಥೆ ಏನಾಯ್ತು? 1779ರಲ್ಲಿ ಕೋಟೆ ಕೊನೆಗೂ ಹೈದರನ ಕೈಸೇರಿತು. ದುರ್ಗದ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಅವರ ಗಂಡುಮಕ್ಕಳನ್ನು ಆರಿಸಿ 'ಚೇಲಾ' ಪಡೆ ಕಟ್ಟಲಾಯಿತು ಅಂತ ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರ್ ಹೇಳುತ್ತೆ. ಹುಡುಗರ ಗತಿ ದಾಖಲಾಯ್ತು. ಹುಡುಗಿಯರ ಗತಿ ಆ ಸಾಲಿನೊಳಗೇ ಎಲ್ಲೋ ಕಳೆದುಹೋಯ್ತು.

ಇನ್ನೂರೈವತ್ತು ವರ್ಷ ಹಳೆಯದಕ್ಕೆ ಈಗ ಯಾರೂ ಯಾರ ಮುಂದೆಯೂ ಕ್ಷಮೆ ಕೇಳಬೇಕಿಲ್ಲ. ಹೈದರನ ಸರ್ಕಾರ ಇಲ್ಲ, ಮದಕರಿ ನಾಯಕನ ಸರ್ಕಾರವೂ ಇಲ್ಲ. ಈ ಲೇಖನ ಇರೋದು ಬೇರೆ ಹೆಂಗಸರ ಬಗ್ಗೆ. ಅವರಿಗೆ ಅನ್ಯಾಯ ಆದಾಗ ಇದ್ದ ಸರ್ಕಾರ ಇವತ್ತೂ ಇದೆ. ಏನಾಯ್ತು ಅಂತ ಆ ಸರ್ಕಾರಕ್ಕೆ ಗೊತ್ತಿತ್ತು. ವರದಿಯೂ ತಯಾರಾಗಿತ್ತು. ಅದನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಲಾಯಿತು.

ಚಿಕ್ಕಜಾಜೂರು ಜಂಕ್ಷನ್‌ನಿಂದ ದುರ್ಗದ ಕಡೆ ಕವಲೊಡೆಯುವ ರೈಲು ಹಳಿ ರಾಯದುರ್ಗದ ಮೇಲೆ ಬಳ್ಳಾರಿ ಸೇರುತ್ತೆ. ಬಳ್ಳಾರಿಯಿಂದ ಉತ್ತರಕ್ಕೆ ಹೋಗಿ ತುಂಗಭದ್ರೆ ದಾಟಿದರೆ, 1948ರ ಸೆಪ್ಟೆಂಬರ್‌ವರೆಗೂ ಅದು ನಿಜಾಮರ ರಾಜ್ಯ. ರಾಯಚೂರು, ಗುಲ್ಬರ್ಗಾ, ಬೀದರ್. ಹಳೇ ಮೈಸೂರಿನ ಈ ಕಡೆ ಬೆಳೆದ ನಮಗೆ ಅಲ್ಲಿಯ 1948 ಅಂದರೆ ಶಾಲೆಯ ಪಾಠದಲ್ಲಿ ಒಂದು ಪ್ಯಾರಾ: ರಜಾಕಾರರ ಹಾವಳಿ, ಪಟೇಲರ ಪೊಲೀಸ್ ಕಾರ್ಯಾಚರಣೆ, ವಿಮೋಚನೆ. ಪರೀಕ್ಷೆಗೆ ನಾಲ್ಕು ಅಂಕ.

ಆ ಪ್ಯಾರಾ ಸುಳ್ಳಲ್ಲ. ಅರ್ಧ ಮಾತ್ರ.

ಎರಡು ಸಲ ಆಗಿದ್ದು

ಮೊದಲ ಅರ್ಧ ನಮಗೆ ಗೊತ್ತಿರೋದು. ಲಾತೂರಿನ ವಕೀಲ ಖಾಸಿಂ ರಜ್ವಿಯ ಹಿಂದೆ ಕಟ್ಟಿಕೊಂಡ ರಜಾಕಾರ ಪಡೆ, ನಿಜಾಮ ಸರ್ಕಾರದ ಕಣ್ಣೆದುರೇ ಹಳ್ಳಿಗಳ ಮೇಲೆ ಬಿತ್ತು. ಕೊಲೆ, ಲೂಟಿ, ಬೆಂಕಿ, ಹೆಂಗಸರ ಮೇಲೆ ದೌರ್ಜನ್ಯ. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಆ ಭಾಗದ ಮನೆಮನೆಯ ನೆನಪು. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರ ಮನೆಗೆ ಬೆಂಕಿ ಹಚ್ಚಿದಾಗ ಅವರ ತಾಯಿ ಮತ್ತು ತಂಗಿ ಸುಟ್ಟುಹೋದರು. ತಂದೆ ಮತ್ತು ಪುಟ್ಟ ಹುಡುಗ ಮಾತ್ರ ಉಳಿದರು. ಇದನ್ನು ಮಗ ಪ್ರಿಯಾಂಕ್ ಖರ್ಗೆಯೇ ಸಾರ್ವಜನಿಕವಾಗಿ ಹೇಳಿದ್ದಾರೆ.

ಇನ್ನೊಂದು ಅರ್ಧ ಸೆಪ್ಟೆಂಬರ್ 13ರ ನಂತರದ್ದು. ಅಂದು ಭಾರತೀಯ ಸೇನೆ ಹೈದರಾಬಾದ್ ರಾಜ್ಯದೊಳಗೆ ನುಗ್ಗಿತು. 17ರಂದು ನಿಜಾಮ ಶರಣಾದ. ಟ್ಯಾಂಕು, ವಿಮಾನ, ಮೇಜರ್ ಜನರಲ್ ಎಲ್ಲ ಇದ್ದರೂ ಅದಕ್ಕೆ 'ಪೊಲೀಸ್ ಕಾರ್ಯಾಚರಣೆ' ಅಂತ ಹೆಸರಿಟ್ಟರು, ಯುದ್ಧ ಅಂದರೆ ವಿಶ್ವಸಂಸ್ಥೆಯಲ್ಲಿ ತೊಂದರೆ ಅಂತ. (ಹೆಸರಿನಲ್ಲಿ ಯುದ್ಧ ಇಲ್ಲದಿದ್ದರೆ 'ಯುದ್ಧಾಪರಾಧ'ವೂ ಇರಲ್ಲ. ಈ ಅನುಕೂಲವನ್ನು ಸರ್ಕಾರಗಳು ಎಲ್ಲ ದೇಶದಲ್ಲೂ ಬಳಸಿಕೊಂಡಿವೆ.) ಆಮೇಲಿನ ವಾರಗಳಲ್ಲಿ ಮುಸ್ಲಿಮರ ಮೇಲೆ ಸೇಡು ಶುರುವಾಯ್ತು. ರಜಾಕಾರನಾಗಿದ್ದವನು, ಅಲ್ಲದವನು, ರಜಾಕಾರರನ್ನು ಕಂಡರೆ ಹೆದರುತ್ತಿದ್ದ ಬಡ ನೇಕಾರ, ಯಾರೂ ಬಿಡಲಿಲ್ಲ.

ಸುದ್ದಿ ದೆಹಲಿಗೆ ಮುಟ್ಟಿತು. ಪ್ರಧಾನಿ ನೆಹರೂ ಒಂದು ಸದ್ಭಾವನಾ ತಂಡ ಕಳಿಸಿದರು: ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ರಾಜ್ಯದ 16 ಜಿಲ್ಲೆಗಳ ಪೈಕಿ 9ರಲ್ಲಿ ಓಡಾಡಿದರು. 7 ಜಿಲ್ಲಾ ಕೇಂದ್ರ, 21 ಪಟ್ಟಣ, 23 ಹಳ್ಳಿ. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಇಂದಿನ ಎಷ್ಟೋ 'ಸತ್ಯಶೋಧನಾ ವರದಿ'ಗಳಿಗಿಂತ ಇದು ಗಟ್ಟಿಯಾದ ಕೆಲಸ.

ಅವರ ಅಂದಾಜು: ಕಾರ್ಯಾಚರಣೆ ವೇಳೆ ಮತ್ತು ನಂತರ ಸತ್ತವರು ಕನಿಷ್ಠ 27,000ದಿಂದ 40,000. ಅತಿ ಹೆಚ್ಚು ನರಳಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕು ಜಿಲ್ಲೆಗಳಲ್ಲೇ 18,000ಕ್ಕೆ ಕಡಿಮೆ ಇಲ್ಲ. ನಾಲ್ಕರಲ್ಲಿ ಎರಡು ನಮ್ಮವು.

ಹೆಂಗಸರ ಬಗ್ಗೆ ವರದಿ ಮುಚ್ಚುಮರೆ ಮಾಡಲ್ಲ. ಅತ್ಯಾಚಾರ, ಅಪಹರಣ, ಎಷ್ಟೋ ಹೆಂಗಸರನ್ನು ರಾಜ್ಯದ ಗಡಿ ದಾಟಿಸಿ ಸೊಲ್ಲಾಪುರ, ನಾಗಪುರದಂಥ ಊರುಗಳಿಗೆ ಒಯ್ದದ್ದು, ಬಲವಂತದ ಮತಾಂತರ, ಹೆಣಗಳು ಕೊಳೆಯುತ್ತಿದ್ದ ಬಾವಿಗಳು. ಅಂಥ ಒಂದು ಬಾವಿಯಲ್ಲಿ ತಂಡ ಎಣಿಸಿದ ಹೆಣಗಳಲ್ಲಿ ಒಬ್ಬ ತಾಯಿಯದ್ದೂ ಇತ್ತು, ಎದೆಗೆ ಕೂಸು ಅಂಟಿಕೊಂಡೇ ಇತ್ತು.

ಮಾಡಿದವರು ಯಾರು? ಮುಖ್ಯವಾಗಿ ಸ್ಥಳೀಯರು ಮತ್ತು ಗಡಿಯಾಚೆಯಿಂದ ಬಂದ ಶಸ್ತ್ರಸಜ್ಜಿತ ಗುಂಪುಗಳು. ಆದರೆ ವರದಿ ಅಲ್ಲಿಗೆ ನಿಲ್ಲಲ್ಲ. ಕೆಲವು ಕಡೆ ಸೇನೆಯ ಮತ್ತು ಪೊಲೀಸರ ಮಂದಿಯೂ ಲೂಟಿಯಲ್ಲಿ, ಬೇರೆ ಅಪರಾಧಗಳಲ್ಲಿ ಭಾಗಿಯಾಗಿದ್ದರು, ಕೆಲವೆಡೆ ಗಂಡಸರನ್ನು ಹೊರಗೆಳೆದು ಕೊಂದರು ಅಂತ ಹೇಳುತ್ತೆ. ಜೊತೆಗೇ, ಬಹಳ ಕಡೆ ಸೇನಾಧಿಕಾರಿಗಳು ಒಳ್ಳೆಯ ರೀತಿ ನಡೆದುಕೊಂಡರು, ಮುಸ್ಲಿಮರನ್ನು ಕಾಪಾಡಿದರು ಅಂತಲೂ ಹೇಳುತ್ತೆ. ಹಿಂದೂಗಳು, ಅದರಲ್ಲೂ ನೇಕಾರರು, ತಮ್ಮ ಜೀವ ಪಣಕ್ಕಿಟ್ಟು ಮುಸ್ಲಿಂ ನೆರೆಯವರನ್ನು ಉಳಿಸಿದ್ದನ್ನೂ ಬರೆಯುತ್ತೆ. ಯಾರನ್ನೋ ಹಣಿಯಬೇಕು ಅಂತ ಬರೆದ ವರದಿಯಾಗಿದ್ದರೆ ಈ ಮಾತುಗಳು ಇರುತ್ತಿರಲಿಲ್ಲ.

ವರದಿ ದೆಹಲಿ ತಲುಪಿತು. ಗೃಹ ಸಚಿವ ಪಟೇಲರಿಗೆ ಅದು ಒಪ್ಪಿಗೆಯಾಗಲಿಲ್ಲ. ಪ್ರಕಟವಾಗಲಿಲ್ಲ. 1988ರಲ್ಲಿ ಉಮರ್ ಖಾಲಿದಿ ಎಂಬ ವಿದ್ವಾಂಸರು ಸಂಪಾದಿಸಿದ ಪುಸ್ತಕದಲ್ಲಿ ಅದರ ಭಾಗಗಳು ಬಂದವು, ಆಮೇಲೆ ಎ.ಜಿ. ನೂರಾನಿ ಬರೆದರು. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಗುತ್ತೆ ಅನ್ನೋದು ಸುದ್ದಿಯಾಯ್ತು. ಅರವತ್ತೈದು ವರ್ಷ ಬೇಕಾಯ್ತು. ಕ್ಷಮೆಯ ಮಾತು ಬಿಡಿ, 'ಹೌದು, ಹೀಗೊಂದು ವರದಿ ನಮ್ಮ ಹತ್ರ ಇದೆ' ಅಂತ ಸರ್ಕಾರ ಬಾಯಿಬಿಟ್ಟು ಹೇಳಲಿಲ್ಲ.

ವಿಷಾದ ಬೇರೆ, ಕ್ಷಮೆ ಬೇರೆ

ದೇಶವೊಂದು ಕ್ಷಮೆ ಕೇಳೋದು ಅಂದರೆ ಏನು? ನಮ್ಮ ಮನೆಗಳಲ್ಲೇ ಇದರ ವ್ಯತ್ಯಾಸ ಎಲ್ಲರಿಗೂ ಗೊತ್ತು. 'ಬೇಜಾರಾಯ್ತು' ಅನ್ನೋದು ಒಂದು, 'ನಂದು ತಪ್ಪಾಯ್ತು' ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ಮಾಡಿದವರು ಯಾರು ಅನ್ನೋದೇ ಇರಲ್ಲ. ರಾಜತಾಂತ್ರಿಕರು ಬದುಕೋದೇ ಈ ಎರಡರ ನಡುವಿನ ಸಂದಿಯಲ್ಲಿ. ಜಲಿಯನ್‌ವಾಲಾಬಾಗ್‌ಗೆ ನೂರು ವರ್ಷವಾದಾಗ, 2019ರಲ್ಲಿ, ಬ್ರಿಟನ್ ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ವಿಷಾದ ಹೇಳಿದರು, ಕ್ಷಮೆ ಕೇಳಲಿಲ್ಲ. ಆಗ ನಮ್ಮಲ್ಲಿ ಎಲ್ಲ ಪಕ್ಷದವರಿಗೂ ಸಿಟ್ಟು ಬಂತು, ಸರಿಯಾಗಿಯೇ ಬಂತು. 1971ರಲ್ಲಿ ಬಾಂಗ್ಲಾ ಹೆಂಗಸರ ಮೇಲೆ ಪಾಕ್ ಸೇನೆ ಮಾಡಿದ್ದಕ್ಕೂ ಹಾಗೇ. 1974ರ ತ್ರಿಪಕ್ಷೀಯ ಒಪ್ಪಂದದಲ್ಲಿ ಪಾಕಿಸ್ತಾನ, ಅಪರಾಧ ಏನಾದರೂ 'ನಡೆದಿದ್ದರೆ' ಅದಕ್ಕೆ ವಿಷಾದ ಅಂದಿತು. 2002ರಲ್ಲಿ ಢಾಕಾಕ್ಕೆ ಹೋದ ಮುಷರಫ್ ಮತ್ತೆ ವಿಷಾದವನ್ನೇ ಬರೆದುಕೊಟ್ಟರು. ಪಾಕಿಸ್ತಾನ ಸರಿಯಾಗಿ ಕ್ಷಮೆ ಕೇಳಲಿ ಅಂತ ನಮ್ಮ ಟಿವಿ ಸ್ಟುಡಿಯೋಗಳು ಇವತ್ತಿಗೂ ಗಂಟಲು ಹರಿದುಕೊಳ್ಳುತ್ತವೆ. ಕೇಳಲೇಬೇಕು. ಅದೇ ಅಳತೆಗೋಲನ್ನು ಬೀದರಿನ ಬಾವಿಯ ಹತ್ತಿರವೂ ತಗೊಂಡು ಹೋಗೋಣ ಅಷ್ಟೇ.

ಅಂತಾರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೊಂದು ಚೌಕಟ್ಟು ಇದೆ. ಗಂಭೀರ ಮಾನವ ಹಕ್ಕು ಉಲ್ಲಂಘನೆಗೆ ಒಳಗಾದವರಿಗೆ ಪರಿಹಾರ ಹೇಗಿರಬೇಕು ಅನ್ನೋ ಬಗ್ಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2005ರಲ್ಲಿ ಮೂಲತತ್ವಗಳನ್ನು ಅಂಗೀಕರಿಸಿತು. ದುಡ್ಡು ಅದರಲ್ಲಿ ಒಂದು ಭಾಗ ಮಾತ್ರ. ಸತ್ಯಾಂಶ ಒಪ್ಪಿಕೊಂಡು, ಹೊಣೆ ಹೊತ್ತು, ಬಹಿರಂಗವಾಗಿ ಕ್ಷಮೆ ಕೇಳೋದೂ ಪರಿಹಾರವೇ ಅಂತ ಅದು ಹೇಳುತ್ತೆ. ಅಂದರೆ ಕ್ಷಮೆ ಅನ್ನೋದು ಸೌಜನ್ಯ ಅಲ್ಲ, ಸಲ್ಲಬೇಕಾದ ಬಾಕಿ.

ನಮ್ಮ ದೇವಸ್ಥಾನಗಳಲ್ಲಿ 'ತಪ್ಪು ಕಾಣಿಕೆ' ಅಂತ ಒಂದಿದೆ. ಹುಂಡಿಗೆ ದುಡ್ಡು ಹಾಕೋದು ಸುಲಭ, ಆದರೆ ತಪ್ಪು ಯಾವುದು ಅಂತ ಒಪ್ಪಿಕೊಳ್ಳದೆ ಹಾಕಿದರೆ ಅದು ತಪ್ಪು ಕಾಣಿಕೆ ಆಗಲ್ಲ, ಬರೀ ಕಾಣಿಕೆ. ಜಪಾನ್ ಸಿಕ್ಕಿಬಿದ್ದದ್ದು ಸರಿಯಾಗಿ ಇಲ್ಲೇ.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆ ಕೊರಿಯಾ, ಚೀನಾ, ಫಿಲಿಪೈನ್ಸ್, ಇಂಡೊನೇಷ್ಯಾ ಮುಂತಾದ ಕಡೆಯ ಹೆಂಗಸರನ್ನು ತನ್ನ ಸೈನಿಕರ ವೇಶ್ಯಾಗೃಹಗಳಲ್ಲಿ ಗುಲಾಮರಾಗಿಟ್ಟಿತ್ತು. ಅರ್ಧ ಶತಮಾನ ಯಾರೂ ಬಾಯಿಬಿಡಲಿಲ್ಲ. 1991ರ ಆಗಸ್ಟ್ 14ರಂದು ಕಿಮ್ ಹಾಕ್-ಸುನ್ ಎಂಬ ಅಜ್ಜಿ ಸೋಲ್‌ನಲ್ಲಿ ತನ್ನ ಹೆಸರು, ಮುಖ ಎರಡನ್ನೂ ಮರೆಮಾಚದೆ ಮಾತಾಡಿದರು. ಮರುವರ್ಷ ಜನವರಿಯಿಂದ ಜಪಾನ್ ರಾಯಭಾರ ಕಚೇರಿ ಎದುರು ಪ್ರತಿ ಬುಧವಾರ ಪ್ರತಿಭಟನೆ ಶುರುವಾಯ್ತು. 1993ರಲ್ಲಿ ಜಪಾನ್ ಸರ್ಕಾರದ ಪರವಾಗಿ ಯೋಹೆಯ್ ಕೋನೊ, ಸೇನೆಯ ಪಾತ್ರ ಒಪ್ಪಿಕೊಂಡು ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ. ಯಾಕಂದ್ರೆ 1995ರಲ್ಲಿ ಶುರುವಾದ ಪರಿಹಾರ ನಿಧಿಯ ದುಡ್ಡು ಬಂದದ್ದು ಜನರ ದೇಣಿಗೆಯಿಂದ. ತಪ್ಪು ಮಾಡಿದ್ದು ಸರ್ಕಾರ, ಚಂದಾ ಎತ್ತಿ ಕೊಟ್ಟರೆ ಹೇಗೆ ಅಂತ ಕೊರಿಯಾದ ಎಷ್ಟೋ ಅಜ್ಜಿಯರು ಆ ಹಣ ಮುಟ್ಟಲಿಲ್ಲ. 2015ರ ಡಿಸೆಂಬರ್‌ನಲ್ಲಿ ಎರಡೂ ಸರ್ಕಾರ ಸೇರಿ 100 ಕೋಟಿ ಯೆನ್‌ಗೆ 'ಅಂತಿಮ' ಒಪ್ಪಂದ ಮಾಡಿಕೊಂಡವು. ಈ ಸಲ ಸರ್ಕಾರದ್ದೇ ದುಡ್ಡು, ಕ್ಷಮೆಯ ಮಾತೂ ಇತ್ತು. ಆದರೆ ಬದುಕಿದ್ದ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಮೂರು ವರ್ಷ ಆಗೋದ್ರೊಳಗೆ ಕೊರಿಯಾ ಸರ್ಕಾರವೇ ಆ ಪ್ರತಿಷ್ಠಾನ ಮುಚ್ಚುವುದಾಗಿ ಘೋಷಿಸಿತು.

ಇದನ್ನು ತೋರಿಸಿ, 'ನೋಡಿ, ಎಷ್ಟು ಸಲ ಕ್ಷಮೆ ಕೇಳಿದರೂ ಇವರಿಗೆ ಸಾಲಲ್ಲ' ಅನ್ನೋರು ಇದ್ದಾರೆ. ನನಗೆ ಕಾಣೋದು ಬೇರೆ. ಯಾರಿಗೆ ಅನ್ಯಾಯ ಆಯ್ತೋ ಅವರನ್ನು ಹೊರಗೆ ನಿಲ್ಲಿಸಿ, ಎರಡು ಸರ್ಕಾರಗಳು ಒಳಗೆ ಕೂತು ಕೈಕುಲುಕಿಕೊಂಡ ಕ್ಷಮೆ ಅದು.

ಕಾಪಾಡ್ತೀವಿ ಅಂತ ಬಂದ ಕಾನೂನು

ಹೆಂಗಸರನ್ನು ಕೇಳದೆಯೇ ಅವರಿಗೆ ಒಳ್ಳೇದು ಮಾಡೋದರಲ್ಲಿ ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. ದೇಶ ವಿಭಜನೆಯಲ್ಲಿ ಅಪಹರಣಕ್ಕೆ ಒಳಗಾದವರ ಬಗ್ಗೆ ಸರ್ಕಾರಿ ಅಂದಾಜೇ ಭಾರತದಲ್ಲಿ 50,000 ಮುಸ್ಲಿಂ ಹೆಂಗಸರು, ಪಾಕಿಸ್ತಾನದಲ್ಲಿ 33,000 ಹಿಂದೂ ಮತ್ತು ಸಿಖ್ ಹೆಂಗಸರು ಅಂತ ಹೇಳುತ್ತಿತ್ತು. ಇವರನ್ನು ಹುಡುಕಿ ವಾಪಸ್ ಕಳಿಸಲು 1949ರಲ್ಲಿ ಅಪಹೃತ ವ್ಯಕ್ತಿಗಳ ಕಾಯ್ದೆ ಬಂತು. 1947ರ ಮಾರ್ಚ್ 1ರ ನಂತರ ಮನೆಯವರಿಂದ ಬೇರೆಯಾಗಿ ಬೇರೆಯವರ ಮನೆಯಲ್ಲಿ ಇರುವ ಮುಸ್ಲಿಂ ಹೆಂಗಸು, ವಯಸ್ಸು ಎಷ್ಟೇ ಆಗಿರಲಿ, 'ಅಪಹೃತೆ'. ಅವಳು ಹೋಗಲ್ಲ ಅಂದರೂ ಪೊಲೀಸರು ಕರೆದೊಯ್ಯಬಹುದು, ಎಲ್ಲಿ ಇರಬೇಕು ಅಂತ ತೀರ್ಮಾನಿಸೋದು ನ್ಯಾಯಮಂಡಳಿ. ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಾಸಿನ್ ಇದರ ಬಗ್ಗೆ 1998ರಲ್ಲಿ ಬರೆದ ಪುಸ್ತಕಗಳು ಬಂದ ಮೇಲೆಯೇ ಎರಡು ಸಲ ಎತ್ತಿಕೊಂಡು ಹೋಗಲ್ಪಟ್ಟ ಹೆಂಗಸರ ದನಿ ನಮಗೆ ಕೇಳಿಸಿದ್ದು.

ಈಗ ನಮ್ಮ ಜಿಲ್ಲೆಗಳ ವಿಷಯ. ಆ ಕಾಯ್ದೆ ಅನ್ವಯವಾಗಿದ್ದು ಸಂಯುಕ್ತ ಪ್ರಾಂತ್ಯ, ಪೂರ್ವ ಪಂಜಾಬ್, ದೆಹಲಿ, ಪಟಿಯಾಲ ಒಕ್ಕೂಟ, ರಾಜಸ್ಥಾನಗಳಿಗೆ. ಹೈದರಾಬಾದ್ ರಾಜ್ಯ ಪಟ್ಟಿಯಲ್ಲಿ ಇರಲಿಲ್ಲ. ಪಂಜಾಬಿನ ಹೆಂಗಸಿಗೆ ಕೆಟ್ಟದ್ದೋ ಒಳ್ಳೇದೋ ಒಂದು ಕಾನೂನು, ಒಂದು ಕಡತ, ಒಂದು ಶಿಬಿರ ಸಿಕ್ಕಿತು. ಗುಲ್ಬರ್ಗಾದಿಂದ ಸೊಲ್ಲಾಪುರಕ್ಕೆ ಒಯ್ದ ಹುಡುಗಿಗೆ ಆ ಕಾನೂನಿನಲ್ಲಿ ಹೆಸರೂ ಇಲ್ಲ, ಕಡತವೂ ಇಲ್ಲ. ಗೋರಟಾದ ಸುತ್ತ ರಜಾಕಾರರ ಕೈಗೆ ಸಿಕ್ಕ ಹುಡುಗಿಗೂ ಇಲ್ಲ. ಧರ್ಮ ಯಾವುದೇ ಇರಲಿ, ಕಾನೂನಿನ ಕಣ್ಣಿಗೆ ಇಬ್ಬರೂ ಕಾಣಲಿಲ್ಲ.

ಅಪ್ಪನ ಹೊಲ, ಅಪ್ಪನ ಸಾಲ

ಕ್ಷಮೆ ಬೇಡ ಅನ್ನೋರ ವಾದಗಳಲ್ಲಿ ಕೆಲವು ಹಗುರ, ಕೆಲವು ನಿಜಕ್ಕೂ ಯೋಚಿಸಬೇಕಾದವು.

'ಮಾಡಿದವರು ಸತ್ತರು, ಇವತ್ತಿನವರು ಯಾಕೆ ಕೇಳಬೇಕು' ಅನ್ನೋದು ಹಗುರದ್ದು. ಸರ್ಕಾರ ಒಬ್ಬ ಮನುಷ್ಯ ಅಲ್ಲ, ಅದು ಸಾಯಲ್ಲ. ಇದಕ್ಕೆ ನಿಜಾಮನ ಕಾಲದ್ದೇ ಒಂದು ಉದಾಹರಣೆ ಇದೆ. 1948ರ ಸೆಪ್ಟೆಂಬರ್ 20ರಂದು, ಅಂದರೆ ಶರಣಾಗತಿಯ ಮೂರು ದಿನದ ನಂತರ, ನಿಜಾಮ ಸರ್ಕಾರದ ಸುಮಾರು 10 ಲಕ್ಷ ಪೌಂಡ್ ಹಣ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ಆ ಹಣ ನಮ್ಮದು ಅಂತ ಭಾರತ ಎಪ್ಪತ್ತು ವರ್ಷ ಜಗಳಾಡಿತು. 2019ರ ಅಕ್ಟೋಬರ್ 2ರಂದು ಲಂಡನ್ ಹೈಕೋರ್ಟ್ ಭಾರತ ಮತ್ತು ನಿಜಾಮನ ವಾರಸುದಾರರ ಪರ ತೀರ್ಪು ಕೊಟ್ಟಾಗ ಅದು ಬೆಳೆದು 3.5 ಕೋಟಿ ಪೌಂಡ್ ಆಗಿತ್ತು. ಸಂತೋಷ. ಆದರೆ ಅದೇ ವಾರದ ಹಣಕ್ಕೆ ನಾವು ವಾರಸುದಾರರಾದರೆ, ಅದೇ ವಾರದ ಬಾವಿಗಳಿಗೆ ಯಾರು ವಾರಸುದಾರರು? ಅಪ್ಪನ ಹೊಲ ನನಗೆ, ಅಪ್ಪನ ಸಾಲ ನನಗಲ್ಲ ಅಂದರೆ ಹಳ್ಳಿಯ ಪಂಚಾಯ್ತಿಕಟ್ಟೆಯಲ್ಲೂ ನಡೆಯಲ್ಲ.

ಇದರಲ್ಲೇ ರಜಾಕಾರರ ಪ್ರಶ್ನೆಗೂ ಉತ್ತರ ಇದೆ. 'ಹಾಗಾದ್ರೆ ರಜಾಕಾರರ ಪರವಾಗಿ ಯಾರು ಕೇಳ್ತಾರೆ? ಖಾಸಿಂ ರಜ್ವಿ ಜೈಲಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋಗಿಬಿಟ್ಟ.' ಕೇಳಬೇಕಾದ್ದು ಪಕ್ಕದ ಮನೆಯ ಮುಸ್ಲಿಮನಲ್ಲ. ರಜಾಕಾರರನ್ನು ತಡೆಯದೆ ಕೂತಿದ್ದು ಹೈದರಾಬಾದ್ ಸರ್ಕಾರ. ಆ ರಾಜ್ಯದ ಆಸ್ತಿ-ಹೊಣೆ ಎಲ್ಲ 1956ರಲ್ಲಿ ಹಂಚಿಕೆಯಾಗಿ, ಮೂರು ಕನ್ನಡ ಜಿಲ್ಲೆಗಳ ಪಾಲು ಬಂದದ್ದು ಇಂದಿನ ಕರ್ನಾಟಕ ಸರ್ಕಾರಕ್ಕೆ. ಹಾಗಾಗಿ ಸೆಪ್ಟೆಂಬರ್ 13ರ ಹಿಂದಿನ ಹೆಂಗಸರಿಗೂ, ಆಮೇಲಿನ ಹೆಂಗಸರಿಗೂ 'ತಪ್ಪಾಯ್ತು' ಅನ್ನಬೇಕಾದ ಬಾಯಿ ಒಂದೇ. ಒಂದು ಕಡೆಯ ಹೆಂಗಸರನ್ನು ಮಾತ್ರ ನೆನೆದರೆ ಅದು ಚುನಾವಣಾ ಭಾಷಣ ಆಗುತ್ತೆ. 2024ರ ನವೆಂಬರ್‌ನಲ್ಲಿ ಆದದ್ದು ಅದೇ. ಮಹಾರಾಷ್ಟ್ರ ಚುನಾವಣೆ ವೇಳೆ ಯೋಗಿ ಆದಿತ್ಯನಾಥ್ ಅವರು ಖರ್ಗೆ ಅವರ ತಾಯಿಯ ಸಾವನ್ನು ವೇದಿಕೆಗೆ ಎಳೆದು ತಂದು, ವೋಟಿಗಾಗಿ ಖರ್ಗೆ ಸುಮ್ಮನಿದ್ದಾರೆ ಅಂದರು. ಮಾಡಿದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ ಅಂತ ಪ್ರಿಯಾಂಕ್ ಉತ್ತರ ಕೊಟ್ಟರು. ಬೆಂಕಿಯಲ್ಲಿ ಸತ್ತ ಆ ತಾಯಿಗೆ ಸರ್ಕಾರದಿಂದ ಬಂದಿರಬೇಕಾದ ಒಂದು ಮಾತು ಇಲ್ಲದ ಜಾಗದಲ್ಲೇ ಇಂಥ ಭಾಷಣ ಹುಟ್ಟೋದು.

ಎರಡನೇ ವಾದ: ಕ್ಷಮೆ ಕೇಳಿದರೆ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಳ್ತೀವಿ, ಸೇನೆಯ ಸ್ಥೈರ್ಯ ಕುಗ್ಗುತ್ತೆ. 2005ರ ಆಗಸ್ಟ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಎದ್ದು ನಿಂತು 1984ರ ಸಿಖ್ ಹತ್ಯಾಕಾಂಡಕ್ಕೆ ಸಿಖ್ಖರ ಮುಂದೆ ಮಾತ್ರವಲ್ಲ, ಇಡೀ ದೇಶದ ಮುಂದೆ ಕ್ಷಮೆ ಕೇಳಿದರು, ನಾಚಿಕೆಯಿಂದ ತಲೆಬಾಗುತ್ತೇನೆ ಅಂದರು. ಘಟನೆಯಾಗಿ 21 ವರ್ಷ, ಅವರದ್ದೇ ಪಕ್ಷದ ಕಾಲದ ಪಾಪ. ದೇಶ ಕುಸಿಯಲಿಲ್ಲ. ಕೋರ್ಟು ತನ್ನ ಕೆಲಸ ಮುಂದುವರಿಸಿತು, 2018ರಲ್ಲಿ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆಯಾಯ್ತು. ಆ ಕ್ಷಮೆ ತಡವಾಯ್ತು, ಸಾಲದು ಅಂದವರು ಸಿಖ್ಖರಲ್ಲೇ ಬಹಳ ಜನ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ 'ಭಾರತದ ಪ್ರಧಾನಿ ಹೀಗೆಲ್ಲ ಕ್ಷಮೆ ಕೇಳೋ ಪದ್ಧತಿ ಇಲ್ಲ' ಅನ್ನೋ ಮಾತು ಮಾತ್ರ ಅಂದೇ ಮುಗಿಯಿತು.

ಯೋಚಿಸಬೇಕಾದ ವಾದ ಮೂರನೆಯದು, ಅದು ಬರೋದು ಆ ಮನೆಗಳಿಂದಲೇ. 'ಅಜ್ಜಿ ಮುಚ್ಚಿಟ್ಟಿದ್ದನ್ನು ನೀವ್ಯಾಕೆ ತೆಗೀತೀರಿ?' ಅತ್ಯಾಚಾರಕ್ಕೆ ಒಳಗಾದವಳಿಗೇ ಕಳಂಕ ಹಚ್ಚುವ ಊರುಗಳಲ್ಲಿ ಮೌನ ಅನ್ನೋದು ಹೇಡಿತನ ಅಲ್ಲ, ಬದುಕುವ ದಾರಿ. ಬಾಂಗ್ಲಾದೇಶ ತನ್ನ ಹೆಂಗಸರಿಗೆ 1971ರ ಬೆನ್ನಲ್ಲೇ 'ಬೀರಾಂಗನಾ' ಅಂತ ಬಿರುದು ಕೊಟ್ಟಿತು. ಒಳ್ಳೆಯ ಉದ್ದೇಶ. ಆದರೆ ಆ ಬಿರುದೇ ಊರಲ್ಲಿ ಬೈಗುಳವಾಗಿ ತಿರುಗಿತು, ಎಷ್ಟೋ ಮಂದಿ ಅದನ್ನು ಬಚ್ಚಿಟ್ಟು ಬದುಕಿದರು. ಅವರನ್ನು ಮುಕ್ತಿಯೋಧರು ಅಂತ ಅಧಿಕೃತವಾಗಿ ಗುರುತಿಸಲು ಶುರುಮಾಡಿದ್ದು 2015ರಲ್ಲಿ.

ಹಾಗಾಗಿ ಹೆಸರು ಹುಡುಕಿಕೊಂಡು ಮನೆಬಾಗಿಲಿಗೆ ಹೋಗೋ ಕ್ಷಮೆ ಬೇಡವೇ ಬೇಡ. ಆದರೆ ಕ್ಷಮೆಗೆ ಹೆಸರು ಬೇಕು ಅಂತ ಎಲ್ಲಿದೆ? ಯಾರಿಗೆ ಆಯ್ತು ಅನ್ನೋದು ಅವರ ಗುಟ್ಟು. ಯಾರು ಮಾಡಿದರು, ಯಾರು ತಡೆಯಲಿಲ್ಲ, ಯಾರು ವರದಿ ಮುಚ್ಚಿಟ್ಟರು ಅನ್ನೋದು ಸರ್ಕಾರದ ಗುಟ್ಟು. ಒಡೆಯಬೇಕಾದ್ದು ಎರಡನೆಯದು ಮಾತ್ರ. ಇಲ್ಲಿಯವರೆಗೆ ಈ ಎರಡೂ ಒಂದೇ ಅನ್ನೋ ಹಾಗೆ, ಹೆಂಗಸರ ಮಾನದ ಹೆಸರಲ್ಲಿ ಸರ್ಕಾರ ತನ್ನ ಮಾನ ಕಾಪಾಡಿಕೊಂಡಿದೆ.

ಇದು ಹಳೇ ಕಥೆಯಷ್ಟೇ ಅಲ್ಲ

1948 ದೂರ ಅನಿಸಿದರೆ, 1993ಕ್ಕೆ ಬನ್ನಿ. ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ, ತಮಿಳುನಾಡು ಎರಡೂ ಸೇರಿ ವಿಶೇಷ ಕಾರ್ಯಪಡೆ ಇಳಿಸಿದವು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಾಡಿಗಳಲ್ಲಿ, ಹಳ್ಳಿಗಳಲ್ಲಿ ಅದು ಯುದ್ಧದ ಥರವೇ ನಡೆಯಿತು, ಶತ್ರು ಮಾತ್ರ ಕಾಡಿನಲ್ಲಿದ್ದ, ಏಟು ತಿಂದವರು ಊರಿನಲ್ಲಿದ್ದರು. ಹಿಡಿದುಕೊಂಡು ಹೋಗಿ ಹಿಂಸೆ, ಕರೆಂಟ್ ಶಾಕ್, ಹೆಂಗಸರ ಮೇಲೆ ಅತ್ಯಾಚಾರ ಅಂತ ದೂರುಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕು ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದರ ವರದಿಯ ಮೇಲೆ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಎರಡೂ ರಾಜ್ಯಗಳಿಗೆ ಹೇಳಿತು.

ಆಯೋಗ ಬೆಲೆ ಕಟ್ಟಿ ಚೀಟಿ ಬರೆದುಕೊಟ್ಟಿತು. ಆ ಚೀಟಿಯಲ್ಲಿ ಇದ್ದದ್ದು ರೂಪಾಯಿ. ವೀರಪ್ಪನ್ ಸತ್ತಾಗ ಕಾರ್ಯಪಡೆಗೆ ಬಹುಮಾನ, ಬಡ್ತಿ, ಸನ್ಮಾನದ ಸುರಿಮಳೆಯಾಯ್ತು. ಮೇಲೆ ಹೇಳಿದ ತಪ್ಪು ಕಾಣಿಕೆಯ ಲೆಕ್ಕದಲ್ಲಿ ಇದನ್ನು ಎಲ್ಲಿ ಇಡ್ತೀರಿ?

ಪಕ್ಕದ ತಮಿಳುನಾಡಿನ ವಾಚಾತಿ ಇನ್ನೊಂದು ದಾರಿ ತೋರಿಸುತ್ತೆ. 1992ರ ಜೂನ್‌ನಲ್ಲಿ ಗಂಧದ ಮರದ ಕಳ್ಳಸಾಗಣೆ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು, 18 ಹೆಂಗಸರ ಮೇಲೆ ಅತ್ಯಾಚಾರವಾಯ್ತು. ಆ ಹೆಂಗಸರು ಬಿಡಲಿಲ್ಲ. 2011ರಲ್ಲಿ ಬದುಕಿದ್ದ ಎಲ್ಲ 215 ಆರೋಪಿಗಳಿಗೂ ಶಿಕ್ಷೆಯಾಯ್ತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರ ಕ್ಷಮೆ ಕೇಳಲಿ ಅಂತ ಅವರು ಕಾಯುತ್ತಾ ಕೂತಿದ್ದರೆ ಇವತ್ತಿಗೂ ಕೂತೇ ಇರುತ್ತಿದ್ದರು. ಕ್ಷಮೆ ಶಿಕ್ಷೆಗೆ ಬದಲಿ ಆಗಲ್ಲ, ಆಗಲೂಬಾರದು. ಮಾಡಿದವರು ಬದುಕಿರುವ ಕಡೆ ಮೊದಲು ಕೋರ್ಟು. 1948ರಂಥದ್ದರಲ್ಲಿ ಕೋರ್ಟಿನ ಕಾಲ ಮುಗಿದಿದೆ, ಉಳಿದಿರೋದು ಕ್ಷಮೆ ಒಂದೇ. ಅದನ್ನೂ ಕೊಡದಿದ್ದರೆ ಅಲ್ಲಿಗೆ ಏನೂ ಇಲ್ಲ.

ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಮುಖ್ಯಮಂತ್ರಿ ಧ್ವಜ ಹಾರಿಸುತ್ತಾರೆ, ಪಟೇಲರ ಪ್ರತಿಮೆಗೆ ಹಾರ ಹಾಕುತ್ತಾರೆ. ರಾಜ್ಯಕ್ಕೆ ಅದು ಕಲ್ಯಾಣ ಕರ್ನಾಟಕ ಉತ್ಸವ. ಕೇಂದ್ರಕ್ಕೆ, 2024ರ ಅಧಿಸೂಚನೆಯ ಪ್ರಕಾರ, ಹೈದರಾಬಾದ್ ವಿಮೋಚನಾ ದಿನ. ಹೆಸರಿನ ಬಗ್ಗೆ ವರ್ಷಾವರ್ಷ ಜಗಳ ಇದ್ದೇ ಇದೆ. ಆ ಭಾಷಣಕ್ಕೆ ಒಂದೇ ಒಂದು ಪ್ಯಾರಾ ಸೇರಿಸಲು ಕಾನೂನು ತಿದ್ದಬೇಕಿಲ್ಲ, ಬಜೆಟ್ ಬೇಕಿಲ್ಲ: ರಜಾಕಾರರ ಕಾಲದಲ್ಲಿ ನಿಮ್ಮನ್ನು ಕಾಪಾಡಲಿಲ್ಲ, ಆಮೇಲೆ ನಮ್ಮವರೇ ಬಂದಾಗಲೂ ಕಾಪಾಡಲಿಲ್ಲ, ಗೊತ್ತಿದ್ದೂ ಮುಚ್ಚಿಟ್ಟೆವು, ತಪ್ಪಾಯ್ತು ಅಂತ. ಸೇನೆಯ ಪರವಾಗಿ ಹೇಳಬೇಕಾದ್ದು ಕೇಂದ್ರ, ಅದನ್ನು ಹೇಳಿ ಅಂತ ವಿಧಾನಮಂಡಲ ನಿರ್ಣಯ ಮಾಡಬಹುದು. ಸುಂದರಲಾಲ್ ವರದಿಯನ್ನು ಕನ್ನಡಕ್ಕೆ ತಂದು, ಕಲಬುರಗಿ, ಬೀದರ್, ರಾಯಚೂರಿನ ಜಿಲ್ಲಾ ಗ್ರಂಥಾಲಯಗಳಲ್ಲಿ ಇಡಬಹುದು. ಗೋರಟಾದ ನೆನಪುಗಳನ್ನೂ ಅದರ ಪಕ್ಕದಲ್ಲೇ.

ಆದರೆ ಆ ಪ್ಯಾರಾ ಬರೆಯುವ ಮೊದಲು ಕೊರಿಯಾದಲ್ಲಿ ಮಾಡದೇ ಬಿಟ್ಟ ಕೆಲಸ ಆಗಬೇಕು, ಕೇಳೋದು. ಆಗ 12 ವರ್ಷವಿದ್ದ ಹುಡುಗಿಗೆ ಈಗ 90 ಆಗುತ್ತಾ ಬಂದಿದೆ. ಆ ಮೂರು ಜಿಲ್ಲೆಗಳ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಮಹಿಳಾ ಅಧ್ಯಯನ ಓದುತ್ತಿರುವವರು ಈ ಬೇಸಿಗೆ ರಜೆಯಲ್ಲೇ ತಮ್ಮ ಅಜ್ಜಿಯರ ಪಕ್ಕ ಕೂರಬಹುದು. ರೆಕಾರ್ಡರ್ ಆನ್ ಮಾಡೋ ಮೊದಲು, ಮಾಡಲಾ ಅಂತ ಕೇಳಿ. ಬೇಡ ಅಂದರೆ ಸುಮ್ಮನೆ ಕೂತು ಬನ್ನಿ.